ಹದಿನೆಂಟು ವರ್ಷ ಯೂದನಾಗಿದ್ದ ಮರಿಯಣ್ಣ

ಮರಿಯಣ್ಣ ಸತ್ತ. ಏಪ್ರಿಲ್ ಹತ್ತೊಂಬತ್ತು, ಶನಿವಾರ, ಈಸ್ಟರ್ ಎನ್ನುವ ಪಾಸ್ಕ ಹಬ್ಬದ ಹಿಂದಿನ ದಿನ, ಮಧ್ಯಾಹ್ನ ನಾಲ್ಕು ಗಂಟೆಗೆ, ತನ್ನ ಮನೆಯ ಜಗಲಿಯ ಮೇಲೆ. ವಯಸ್ಸು ಅರವತ್ತೆರಡು. ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ಶುಕ್ರವಾರ ಆಗಬೇಕಿದ್ದ ಡಯಾಲಿಸಿಸ್ ಆಗಿರಲಿಲ್ಲ. ಪಕ್ಕದಲ್ಲಿ ನಾನಿದ್ದೆ.

ನಾವಿಬ್ಬರೂ ಜಾವಗಲ್ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ನಾನು ಅದೇ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದೆ. ಅವನು ಹತ್ತನೆಯ ತರಗತಿ ಮುಗಿಸಿ ಹಳೇಬೀಡಿನ ದೇವಸ್ಥಾನದ ಹುಲ್ಲುಹಾಸಿಗೆ ನೀರು ಬಿಡುವ, ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿದ. ನಾವು ಲಿಂಗಾಯತರು, ಅವರು ಕ್ರೈಸ್ತರು. ಜನರೆದುರು ನನ್ನನ್ನು ‘ಮೇಷ್ಟ್ರೇ’ ಎಂದು ಬಹುವಚನದಲ್ಲಿ ಕರೆಯುತ್ತಿದ್ದವನು, ಇಬ್ಬರೇ ಇದ್ದಾಗ ‘ಏನ್ಲಾ ಗಂಗಾಧರ’ ಎನ್ನುತ್ತಿದ್ದ. ಈಗ ಹಾಗೆ ಕರೆಯುವವರು ಯಾರೂ ಉಳಿದಿಲ್ಲ.

ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಅದರ ಕೆಳಗಿನ ಬೀದಿಯಲ್ಲಿ ನಲವತ್ತು ಮನೆ ಕ್ರೈಸ್ತರು, ಒಂದು ಚಿಕ್ಕ ಚರ್ಚು. ಹಬ್ಬಹುಣ್ಣಿಮೆಗೆ ಫಾದರ್ ಅರಸೀಕೆರೆಯಿಂದ ಬರುತ್ತಾರೆ. ಪಾಸ್ಕಕ್ಕೆ ಮುಂಚಿನ ಗುರುವಾರ ಸಂಜೆ ಮತ್ತು ಶುಕ್ರವಾರ ಹಗಲು ಆ ಬೀದಿಯವರು ‘ಮಹಿಮೆ’ ಆಡುತ್ತಾರೆ. ಯೇಸುವಿನ ಕಡೆಯ ಊಟ, ಬಂಧನ, ವಿಚಾರಣೆ, ಶಿಲುಬೆ, ಇಷ್ಟೂ ನಮ್ಮ ಕಡೆಯ ಬಯಲಾಟದ ಧಾಟಿಯಲ್ಲಿ, ಹಾರ್ಮೋನಿಯಂ ತಾಳದ ಜೊತೆಗೆ. ಶಿಲುಬೆಯ ತೀರ್ಪು ಕೊಡುವ ಪಿಲಾತನಿಗೆ ಹಾರನಹಳ್ಳಿಯಿಂದ ಬಾಡಿಗೆಗೆ ತಂದ ರಾಜನ ಕಿರೀಟ. ಮಾತು ಮರೆತವರಿಗೆ ಪರದೆಯ ಹಿಂದಿನಿಂದ ಹೇಳಿಕೊಡುವ ಕೆಲಸ ಮೂವತ್ತು ವರ್ಷದಿಂದ ನನ್ನದು.

ಮರಿಯಣ್ಣ ಮೊದಲು ಯೊವಾನ್ನನಾಗುತ್ತಿದ್ದ. ಊಟದ ಹೊತ್ತಿನಲ್ಲಿ ಗುರುವಿನ ಎದೆಗೆ ಒರಗಿ ಕೂರುವ ಪ್ರೀತಿಯ ಶಿಷ್ಯ. ಅವನ ಅಣ್ಣ ರಾಯಪ್ಪ ಶಿಷ್ಯರಲ್ಲಿ ಹಿರಿಯನಾದ ಪೇತ್ರನಾಗುತ್ತಿದ್ದ. ದೊಡ್ಡ ದನಿ, ದೊಡ್ಡ ಮೀಸೆ. ಇಬ್ಬರ ಮನೆಗಳೂ ಎದುರುಬದುರು, ನಡುವೆ ಒಂದು ಗಾಡಿ ಹೋಗುವಷ್ಟು ಬೀದಿ. ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನುತ್ತಿದ್ದರು. ವಾರಗಿತ್ತಿಯರಿಬ್ಬರೂ ಒಂದೇ ಕಲ್ಲಿನಲ್ಲಿ ಕಾರ ಅರೆಯುತ್ತಿದ್ದರು.

ಇಪ್ಪತ್ತು ವರ್ಷದ ಹಿಂದೆ, ಕಾರ್ತಿಕದ ಒಂದು ಸಂಜೆ, ಮರಿಯಣ್ಣ ಹಳೇಬೀಡಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ಮುಂದೆ, ಕೆರೆ ಏರಿಯ ಮೇಲೆ, ಆಡು ಹೊಡೆದುಕೊಂಡು ಬೀರಮ್ಮ ಎಂಬ ಹೆಂಗಸು ಹೋಗುತ್ತಿದ್ದಳು. ತೆಂಗಿನಕಾಯಿ ತುಂಬಿದ ಟೆಂಪೊ ಒಂದು ಬಂದು ಅವಳಿಗೆ ಬಡಿಯಿತು. ಒಂದು ಕ್ಷಣ ನಿಂತಿತು. ಓಡಿಸುತ್ತಿದ್ದವನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. ಆಮೇಲೆ ಟೆಂಪೊ ಹೊರಟುಹೋಯಿತು. ಆ ತಲೆ ರಾಯಪ್ಪನ ಮಗ ಸಂತುವಿನದು. ಇಪ್ಪತ್ತೆರಡು ವರ್ಷದ ಹುಡುಗ. ಮರಿಯಣ್ಣ ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ ಹುಡುಗ.

ಬೀರಮ್ಮ ಮರಿಯಣ್ಣನ ತೊಡೆಯ ಮೇಲೆ ಸತ್ತಳು. ನೀರು ಕೇಳಿದಳಂತೆ. ಅವನ ಹತ್ತಿರ ನೀರಿರಲಿಲ್ಲ.

ಟೆಂಪೊ ಮಾಲೀಕ ಹೊನ್ನಯ್ಯ ಅವನನ್ನು ಏರಿಯ ಮೇಲೇ ಹಿಡಿದ. ಸುದ್ದಿ ಅಷ್ಟು ಬೇಗ ಮುಟ್ಟಿತ್ತು. “ಮಬ್ಬಾಗಿತ್ತು, ಏನೂ ಕಾಣ್ಲಿಲ್ಲ ಅಂದ್ಬುಡು ಮರಿಯಣ್ಣ. ಅಷ್ಟೇ ಸಾಕು. ಸುಳ್ಳೂ ಅಲ್ಲ, ಮಬ್ಬಾಗೇ ಐತೆ.”

ಮರಿಯಣ್ಣ ನೇರ ಸ್ಟೇಷನ್ನಿಗೆ ಹೋದ. ಗಾಡಿ ಯಾವುದೆಂದು ನೋಡಿದಿರಾ ಎಂದು ಕೇಳಿದ ಎಸ್‌ಐಗೆ, “ನೋಡ್ದೆ ಸಾರ್. ಓಡಿಸ್ತಿದ್ದೋನು ನಮ್ಮಣ್ಣನ ಮಗ” ಎಂದ.

ಕೇಸು ಎರಡು ವರ್ಷ ನಡೆಯಿತು. ಕೋರ್ಟಿನಲ್ಲಿಯೂ ಅವನು ಅದನ್ನೇ ಹೇಳಿದ. ಸಂತುವಿಗೆ ಒಂದು ವರ್ಷ ಶಿಕ್ಷೆಯಾಯಿತು. ಜೈಲಿಗೆ ಹೋದ ಐದನೆಯ ತಿಂಗಳು ಹುಡುಗನಿಗೆ ಕಾಮಾಲೆ ಹತ್ತಿ, ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಸತ್ತ. ಹೆಣ ಮನೆಗೆ ಬಂದ ದಿನ ಮರಿಯಣ್ಣ ಬೀದಿ ದಾಟಿ ಹೋದ. ರಾಯಪ್ಪ ಬಾಗಿಲಲ್ಲಿ ಅಡ್ಡ ನಿಂತು ಕೇಳಿದ: “ಎಷ್ಟು ಕೊಟ್ರಪ್ಪ ನಿಂಗೆ? ಮೂವತ್ತು ಬೆಳ್ಳಿ ಕಾಸೇನಾ, ಇಲ್ಲ ಜಾಸ್ತಿನಾ?”

ಅಣ್ಣ ತಮ್ಮನಿಗೆ ಆಡಿದ ಕೊನೆಯ ಮಾತು ಅದು.

ಮುಂದಿನ ವರ್ಷ, ಪಾಸ್ಕಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ, ಚರ್ಚಿನ ಅಂಗಳದಲ್ಲಿ ಮಹಿಮೆಗೆ ಪಾತ್ರ ಹಂಚಲು ಕೂತರು. ಮೂವತ್ತು ಬೆಳ್ಳಿ ಕಾಸಿಗೆ, ಮುತ್ತಿಟ್ಟು ಗುರುತು ತೋರಿಸಿ ಗುರುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಪಾತ್ರವನ್ನು ಆ ಬೀದಿಯವರು ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ. ಮೇಲಿನ ಬೀದಿಯಿಂದ ತಮ್ಮಯ್ಯ ಎಂಬ ನಮ್ಮವನೊಬ್ಬ, ಬಯಲಾಟದಲ್ಲಿ ರಾಕ್ಷಸನ ವೇಷ ಕಟ್ಟುವವನು, ಬಂದು ಮಾಡಿಕೊಟ್ಟು ಹೋಗುತ್ತಿದ್ದ. ಆ ವರ್ಷ ತಮ್ಮಯ್ಯನಿಗೆ ಕಾಲು ನೋವು. ಫಾದರ್ “ಯೂದ ಯಾರು?” ಎಂದರು. ಹಿಂದಿನಿಂದ ಒಬ್ಬರು ಮೆಲ್ಲಗೆ, “ಹುಡುಕೋದ್ಯಾಕೆ, ಇಲ್ಲೇ ಕುಂತವ್ನಲ್ಲ” ಎಂದರು. ನಕ್ಕವರೂ ಇದ್ದರು.

ಮರಿಯಣ್ಣ ಎದ್ದು ನಿಂತ. “ನಾನ್ ಮಾಡ್ತೀನಿ ಫಾದರ್.”

ಅಲ್ಲಿಂದ ಹದಿನೆಂಟು ವರ್ಷ, ಕೊರೊನಾದ ಎರಡು ವರ್ಷ ಬಿಟ್ಟರೆ, ಪ್ರತಿ ಸಲವೂ ಅವನೇ. ಚಿಕ್ಕ ಮಕ್ಕಳು ‘ಯೂದಣ್ಣ’ ಎಂದೇ ಕರೆಯುತ್ತಿದ್ದರು. ಜಾವಗಲ್ ಸಂತೆಯಲ್ಲಿ ಟೀ ಅಂಗಡಿಯವನು, “ಏನ್ ಯೂದಪ್ಪ, ನಮ್ಗೊಂದು ಮುತ್ತು ಕೊಡಲ್ವಾ?” ಎಂದು ಕೆಣಕಿದರೆ, “ನಿನ್ನ ಬೀಡಿ ವಾಸ್ನೆಗೆ ಯೂದನೂ ಓಡೋಗ್ತಾನೆ ಕಣೋ, ಸಕ್ಕರೆ ಕಮ್ಮಿ ಹಾಕು” ಎನ್ನುತ್ತಿದ್ದ. ಟೀ ಕುಡಿದು ಹೊರಗೆ ಬಂದ ಮೇಲೆ ಸ್ವಲ್ಪ ದೂರ ಸೈಕಲ್ ಹತ್ತದೆ ತಳ್ಳಿಕೊಂಡೇ ನಡೆಯುತ್ತಿದ್ದ.

ಅವನು ಯಾಕೆ ಒಪ್ಪಿಕೊಂಡ ಎಂಬುದು ನನಗೆ ತಿಳಿದದ್ದು ಎರಡನೆಯ ವರ್ಷ. ನಮ್ಮೂರ ಮಹಿಮೆಯಲ್ಲಿ ಒಂದು ಪದ್ಧತಿಯಿದೆ. ಗುರುವಾರದ ಊಟದ ದೃಶ್ಯಕ್ಕೆ ರೊಟ್ಟಿ ಮತ್ತು ಎಳನೀರು ಪೇತ್ರನಾಗುವವನ ಮನೆಯಿಂದ ಬರಬೇಕು. ದ್ರಾಕ್ಷಾರಸ ನಮ್ಮಲ್ಲಿ ಎಲ್ಲಿ ಸಿಗಬೇಕು. ತೆಂಗಿನ ಸೀಮೆ, ಹಾಗಾಗಿ ಹಿಂದಿನವರು ಎಳನೀರು ಮಾಡಿಕೊಂಡರು. ಹಿತ್ತಾಳೆಯ ಒಂದೇ ಲೋಟ ಹನ್ನೆರಡು ಶಿಷ್ಯರ ಕೈಯಲ್ಲೂ ಸುತ್ತಿ ಬರುತ್ತದೆ. ಪೇತ್ರನ ಪಕ್ಕದಲ್ಲಿ ಯೂದ ಕೂರುತ್ತಾನೆ. ಅಣ್ಣನ ಮನೆಯ ಅನ್ನದ ಋಣ ಹರಿದಿದ್ದ ಮರಿಯಣ್ಣನಿಗೆ ವರ್ಷಕ್ಕೊಮ್ಮೆ, ರಂಗದ ಮೇಲೆ, ಅತ್ತಿಗೆ ಸುಟ್ಟ ರೊಟ್ಟಿ ಸಿಗುತ್ತಿತ್ತು. ಅರ್ಧ ತಿಂದು ಅರ್ಧವನ್ನು ಸೊಂಟದ ಪಂಚೆಗೆ ಸಿಕ್ಕಿಸಿಕೊಳ್ಳುತ್ತಿದ್ದುದನ್ನು ಪರದೆಯ ಸಂದಿನಿಂದ ನಾನು ಕಂಡಿದ್ದೇನೆ. ಅದು ಹೆಂಡತಿ ಲೂರ್ದಮ್ಮನಿಗೆ. ಅವಳು ಅದನ್ನು ನೋಡಿ, “ಅಕ್ಕ ಉಪ್ಪು ಜಾಸ್ತಿ ಹಾಕೋದ್ನ ಇನ್ನೂ ಬಿಟ್ಟಿಲ್ಲ” ಎಂದು ಅಳುತ್ತಿದ್ದಳಂತೆ.

ಆದರೆ ಲೋಟವನ್ನು ರಾಯಪ್ಪ ತಮ್ಮನ ಕೈಗೆ ಕೊಡುತ್ತಿರಲಿಲ್ಲ. ತಾನು ಕುಡಿದು ಚಾಪೆಯ ಮೇಲೆ ಇಟ್ಟು, ಮುಖ ಆ ಕಡೆ ಮಾಡುತ್ತಿದ್ದ. ಮರಿಯಣ್ಣ ಬಗ್ಗಿ ತೆಗೆದುಕೊಂಡು ಕುಡಿಯುತ್ತಿದ್ದ. ನೋಡುವವರು ಅದೂ ಆಟದಲ್ಲಿರುವುದೇ ಎಂದುಕೊಳ್ಳುತ್ತಿದ್ದರು.

“ಒಂದಿನ ಕೈಗೆ ಕೊಡ್ತಾನೆ ಕಣ್ಲಾ,” ಎನ್ನುತ್ತಿದ್ದ ನನಗೆ. “ಅದಕ್ಕೇ ಬಿಡ್ದೆ ಕುಂತಿವ್ನಿ.”

ಯೂದನ ಬಗ್ಗೆ ಅವನಷ್ಟು ಯೋಚಿಸಿದವರನ್ನು ನಾನು ಕಂಡಿಲ್ಲ. ನಾನು ಪುಸ್ತಕ ಓದಿದವನು. ಅವನು ಒಂದೇ ಪಾತ್ರವನ್ನು ಮತ್ತೆ ಮತ್ತೆ ಮಾಡಿದವನು. ಒಮ್ಮೆ ಹಳೇಬೀಡಿನಲ್ಲಿ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ ಕೇಳಿದ: “ಗುರೂನ ಹಿಡ್ಕಂಡು ಹೋದಾಗ ಪೇತ್ರನೂ ಅವನ್ಯಾರೋ ನಂಗೊತ್ತೇ ಇಲ್ಲ ಅಂದ. ಒಂದಲ್ಲ, ಮೂರು ಸಲ. ಅವ್ನು ಸಂತ ಆದ, ಕೈಗೆ ಸ್ವರ್ಗದ ಬೀಗದ ಕೈ ಬಂತು. ಯೂದನೂ ಕಾಸು ವಾಪಸ್ ಎಸೆದ, ತಪ್ಪು ಮಾಡ್ದೆ ಅಂದ. ಅವ್ನಿಗೆ ಹಗ್ಗ. ಇಬ್ರಿಗೂ ಏನ್ಲಾ ವ್ಯತ್ಯಾಸ?”

“ನೀನೇ ಹೇಳು” ಎಂದೆ.

“ಪೇತ್ರ ಅತ್ಕಂಡು ಅಲ್ಲೇ ಇದ್ದ. ಯೂದ ಇರ್ಲಿಲ್ಲ. ಶುಕ್ರವಾರ ನೇಣು ಹಾಕ್ಕಂಡ. ಭಾನುವಾರ ಯೇಸುಸ್ವಾಮಿ ಎದ್ದು ಬಂದ್ರು. ಮೂರು ದಿನ ತಡೀಬೇಕಿತ್ತು ಕಣ್ಲಾ. ತಡ್ದಿದ್ರೆ ಅವ್ನ ಹತ್ರಾನೂ ಬರೋರು. ಬರ್ದೇ ಇರ್ತಿದ್ರಾ?”

ಆಮೇಲೆ ಗೋಡೆಯ ಕಡೆ ಬೆರಳು ಮಾಡಿದ. ಅಲ್ಲಿ ಕೈಲಾಸವನ್ನು ಎತ್ತಲು ಹೋದ ಹತ್ತು ತಲೆಯವನನ್ನು ಕೆತ್ತಿದ್ದಾರೆ. “ನೋಡು, ಅವನ್ನೂ ದೇವಸ್ಥಾನದ ಗೋಡೆ ಮ್ಯಾಲೇ ಇಟ್ಟವ್ರೆ. ಆಚೆಗೆ ಹಾಕಿಲ್ಲ. ಅವನ ಒಡವೆನೂ ಎಷ್ಟು ಚೆನ್ನಾಗಿ ಕೆತ್ತವ್ರೆ. ನಮ್ಮೋರು ಯೂದಂಗೆ ಒಂದು ಒಳ್ಳೆ ಅಂಗಿ ಕೊಡಲ್ಲ.”

ಬೀರಮ್ಮನ ಮಗ ತಿಮ್ಮೇಶನಿಗೆ ಮರಿಯಣ್ಣ ದೇವರ ಸಮಾನ. ಪ್ರತಿ ವರ್ಷ ತಾಯಿ ಸತ್ತ ದಿನ ಬಂದು ಕಾಲಿಗೆ ಬೀಳಲು ಹೋಗುತ್ತಿದ್ದ. ಮರಿಯಣ್ಣ ಹಿತ್ತಲಿನಿಂದ ತಪ್ಪಿಸಿಕೊಳ್ಳುತ್ತಿದ್ದ. ಒಂದು ಸಲ ಸಿಕ್ಕಿಬಿದ್ದು, “ಬ್ಯಾಡ ಕಣಪ್ಪ, ಕೈ ಮುಗೀಬ್ಯಾಡ. ಎದುರು ಮನೇಲಿ ನೋಡ್ತಾರೆ” ಎಂದ.

ಸಾಕ್ಷಿ ಹೇಳಿದ್ದಕ್ಕೆ ಅವನು ಎಂದೂ ಪಶ್ಚಾತ್ತಾಪ ಪಡಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಊರಲ್ಲಿ ಬೇರೆ ಮಾತಿದೆ. ಅವನನ್ನು ಕೊರೆಯುತ್ತಿದ್ದುದು ಇನ್ನೊಂದು. “ಸತ್ಯ ಹೇಳಿದ್ದು ತಪ್ಪಲ್ಲ. ಸ್ಟೇಷನ್ನಿಗೆ ಅಣ್ಣನ ಮನೆ ಮುಂದಿಂದ್ಲೇ ಹೋದೆ. ಬಾಗ್ಲು ತಟ್ಟಿ, ‘ಅಣ್ಣ, ಹಿಂಗಾಗೈತೆ, ಹುಡುಗನ್ನ ಕರ್ಕಂಡು ನೀನೇ ಬಾ’ ಅನ್ಬೌದಿತ್ತು. ತಟ್ಲಿಲ್ಲ. ಅವ್ನ ಮುಖ ನೋಡಿದ್ರೆ ಹೇಳಕ್ಕಾಗಲ್ಲ ಅಂತ ಭಯ. ಅದೊಂದು ಯೂದನ ಕೆಲ್ಸಾನೇ.”

“ಈಗ ತಟ್ಟು” ಎಂದರೆ, “ಈಗ ನಂಗೆ ಆ ಹಕ್ಕಿಲ್ಲ. ಅವ್ನೇ ತೆಗೀಬೇಕು” ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ ಕಾಲು ಊದಿಕೊಂಡಿತು. ಅರಸೀಕೆರೆಯ ಆಸ್ಪತ್ರೆಯಲ್ಲಿ ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಬಹಳ ದಿನ ನಾನೇ ಜೊತೆಗೆ ಹೋಗಿದ್ದೇನೆ. ಡಾಕ್ಟರು ಮೊದಲ ದಿನವೇ ಹೇಳಿದ್ದರು: ನೀರು ಅಳೆದು ಕುಡಿಯಬೇಕು, ಹಣ್ಣು ಕಡಿಮೆ, ಎಳನೀರು ಮಾತ್ರ ಮುಟ್ಟಲೇಬಾರದು. ಅದರಲ್ಲಿರುವ ಉಪ್ಪಿನಂಶವನ್ನು ಕೆಟ್ಟ ಮೂತ್ರಪಿಂಡ ಹೊರಹಾಕಲಾರದು, ಹೃದಯ ನಿಂತುಹೋಗುತ್ತದೆ. ಮರಿಯಣ್ಣ ಹೊರಗೆ ಬಂದು, ಆಸ್ಪತ್ರೆಯ ಗೇಟಿನಲ್ಲಿ ಗುಡ್ಡೆ ಹಾಕಿಕೊಂಡು ಎಳನೀರು ಮಾರುತ್ತಿದ್ದವನನ್ನು ನೋಡಿ ನಕ್ಕ. “ತೆಂಗಿನ ಸೀಮೇಲಿ ಹುಟ್ಟಿ ಎಳನೀರೇ ವಿಷ ಆಯ್ತಲ್ಲಾ.” ಕಳೆದ ವರ್ಷದ ಮಹಿಮೆಯಲ್ಲಿ ಲೋಟವನ್ನು ತುಟಿಗೆ ಮುಟ್ಟಿಸಿ ಮುಂದೆ ಕೊಟ್ಟಿದ್ದ.

ಈ ವರ್ಷ ಅವನು ಇನ್ನೂ ಇಳಿದುಹೋಗಿದ್ದ. ಶುಕ್ರವಾರದ ಡಯಾಲಿಸಿಸ್ಸೂ ಮಹಿಮೆಯ ಶುಕ್ರವಾರವೂ ಒಂದೇ ಹೊತ್ತು. ಲೂರ್ದಮ್ಮ ನನ್ನನ್ನು ಕರೆಸಿದಳು.

“ನೀವಾದ್ರೂ ಹೇಳಿ ಮೇಷ್ಟ್ರೇ. ಯೂದ ಇಲ್ದಿದ್ರೆ ಯೇಸುಸ್ವಾಮೀನ ಶಿಲುಬೆಗೆ ಹಾಕಲ್ವಂತಾ?”

ಮರಿಯಣ್ಣ ಒಳಗಿನಿಂದ, “ಯಾರು ಹಿಡ್ದುಕೊಡ್ತಾರೆ ಮತ್ತೆ, ನೀನಾ?” ಎಂದ.

“ಹೂಂ, ನಿಮ್ಮನ್ನ ಹಿಡ್ದು ಆ ಆಸ್ಪತ್ರೆ ಅವ್ರಿಗೆ ಕೊಡ್ತೀನಿ.”

ನಾನು ಹೇಳಿದೆ, ಬೈದೆ. ಶನಿವಾರ ಬೆಳಿಗ್ಗೆಯೇ ಹೋಗುವುದಾಗಿ ಮಾತು ಕೊಟ್ಟ. ಆಸ್ಪತ್ರೆಗೆ ಫೋನು ಮಾಡಿ ಶನಿವಾರಕ್ಕೆ ಕೇಳಿದೆ, ಬನ್ನಿ ಎಂದರು. ಅಷ್ಟಕ್ಕೆ ನಾನು ಒಪ್ಪಿದೆ. ಒಪ್ಪಬಾರದಿತ್ತು.

ಗುರುವಾರ ಸಂಜೆ ಬೆಳಕಿರುವಾಗಲೇ ಆಟ ಶುರುವಾಯಿತು. ಶಿಷ್ಯರು ಚಾಪೆಯ ಮೇಲೆ ಕೂತರು. ರೊಟ್ಟಿ ಮುರಿದಾಯಿತು. ಲೋಟ ಸುತ್ತುತ್ತಾ ಪೇತ್ರನಿಗೆ ಬಂತು. ರಾಯಪ್ಪ ಕುಡಿದು, ಎಂದಿನಂತೆ ಚಾಪೆಯ ಮೇಲೆ ಇಟ್ಟು ಮುಖ ತಿರುಗಿಸಿದ. ಮರಿಯಣ್ಣ ಬಗ್ಗಿದ. ಬೆರಳು ಊದಿತ್ತು. ಲೋಟ ಹಿಡಿತಕ್ಕೆ ಸಿಗಲಿಲ್ಲ. ಎರಡನೆಯ ಸಲ ಬಗ್ಗಿದಾಗ ಅದು ವಾಲಿ ಒಂದಿಷ್ಟು ಚೆಲ್ಲಿತು. ಹಾರ್ಮೋನಿಯಂನವನು ಏನು ಮಾಡಬೇಕೆಂದು ತಿಳಿಯದೆ ಒಂದೇ ಸ್ವರ ಹಿಡಿದು ಕೂತ.

ರಾಯಪ್ಪ ತಿರುಗಿ ನೋಡಿದ. ತಮ್ಮನ ಕೈಯನ್ನು ನೋಡಿದ. ಬಹುಶಃ ಹತ್ತಿರದಿಂದ ನೋಡಿ ಬಹಳ ವರ್ಷಗಳಾಗಿದ್ದವು. ಲೋಟ ಎತ್ತಿ, ಮರಿಯಣ್ಣನ ಎರಡು ಕೈಗಳ ನಡುವೆ ಇಟ್ಟು, ಬೀಳದಂತೆ ತನ್ನ ಕೈಯಿಂದ ಒತ್ತಿ ಹಿಡಿದ.

ಮರಿಯಣ್ಣ ಕುಡಿದ. ತುಟಿಗೆ ಮುಟ್ಟಿಸಿ ಬಿಡಲಿಲ್ಲ. ತಲೆ ಹಿಂದಕ್ಕೆ ಹಾಕಿ, ಲೋಟದಲ್ಲಿದ್ದಷ್ಟನ್ನೂ ಕುಡಿದ. ನಾನು ಪರದೆಯ ಹಿಂದೆ ನಾಲ್ಕು ಮಾರು ದೂರದಲ್ಲಿದ್ದೆ. ಮಾತು ಹೇಳಿಕೊಡುವವನು ನಾನು. ‘ಬೇಡ’ ಎಂಬ ಒಂದು ಮಾತು ಹೇಳಬಹುದಿತ್ತು. ಅವನ ಮುಖ ನೋಡಿ ಹೇಳಲಿಲ್ಲ.

ಶುಕ್ರವಾರ ಹುಣಸೆಮರದಲ್ಲಿ ಯೂದನ ನೇಣಿನ ದೃಶ್ಯವನ್ನೂ ಮಾಡಿದ. ಅಂಗಿಯ ಒಳಗೆ ಸೊಂಟಕ್ಕೆ ಹಗ್ಗ ಬಿಗಿದು ಇಬ್ಬರು ಮೇಲಕ್ಕೆ ಎಳೆಯುತ್ತಾರೆ. ಕೆಳಗಿಳಿಸಿದ ಮೇಲೆ ಅವನಿಗೆ ಏಳಲಾಗಲಿಲ್ಲ. ನಾನು, ತಿಮ್ಮೇಶ ಸೇರಿ ಮನೆಗೆ ಹೊತ್ತು ತಂದೆವು. ಏದುಸಿರಿನ ನಡುವೆ ಅವನಿಗೆ ಒಂದೇ ಮಾತು: “ಕೈಗೆ ಕೊಟ್ಟ ಕಣ್ಲಾ. ನೋಡಿದ್ಯಾ? ಭಾನುವಾರ ಬತ್ತಾನೆ.”

ಶನಿವಾರ ಬೆಳಿಗ್ಗೆ ಏಳಕ್ಕೆ ನಾನು ಕಾರು ತಂದೆ. ಅವನು ಹತ್ತಲಿಲ್ಲ. “ನಾನು ಆಸ್ಪತ್ರೇಲಿ ಬಿದ್ದಿರುವಾಗ ಅವ್ನು ಬಾಗ್ಲು ತೆಗುದ್ರೆ? ಸೋಮವಾರ ಹೋಗಾಣ.” ನಾನು ಕೂಗಾಡಿದೆ. ಲೂರ್ದಮ್ಮ ಕಾಲು ಹಿಡಿದಳು. ಫಾದರಿಗೆ ಫೋನು ಮಾಡಿದೆವು, ಅವರು ಹೇಳಿದರು, ಅವರ ಮಾತನ್ನೂ ಕೇಳಲಿಲ್ಲ. ಬಲವಂತವಾಗಿ ಎತ್ತಿ ಹಾಕೋಣವೆಂದು ತಿಮ್ಮೇಶ ಅಂದ. ಮರಿಯಣ್ಣ ಜಗಲಿಯ ಕಂಬವನ್ನು ತಬ್ಬಿ ಹಿಡಿದುಕೊಂಡ. ಆ ಕೈಯನ್ನು ಬಿಡಿಸುವುದು ನನ್ನಿಂದಾಗಲಿಲ್ಲ.

ಭಾನುವಾರ ಅವನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿದ್ದ. ಚರ್ಚಿನ ಗಂಟೆ ಹಬ್ಬಕ್ಕೆ ಹೊಡೆಯಿತು. ಹಬ್ಬದ ದಿನ ಬೇಡವೆಂದು ಸೋಮವಾರ ಮಣ್ಣು ಮಾಡಿದೆವು. ತಿಮ್ಮೇಶ ಹೆಗಲು ಕೊಟ್ಟ. ರಾಯಪ್ಪ ದೂರದಲ್ಲಿ ಕಾಂಪೌಂಡಿನ ಗೋಡೆಗೆ ಒರಗಿ ನಿಂತಿದ್ದ. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದ.

“ಮೇಷ್ಟ್ರೇ, ಅವ್ನಿಗೆ ಎಳನೀರು ಆಗ್ತಿರ್ಲಿಲ್ವಂತೆ. ನಿಮ್ಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅವ್ನಿಗೆ?”

“ಅವನಿಗೂ ಗೊತ್ತಿತ್ತು.”

“ಮತ್ಯಾಕೆ ಕುಡ್ದ?”

ಸುಳ್ಳು ಹೇಳಬಹುದಿತ್ತು. ಡಯಾಲಿಸಿಸ್ ತಪ್ಪಿದ್ದೇ ಸಾಯಲು ಸಾಕಿತ್ತು, ಯಾವುದರಿಂದ ಸತ್ತನೆಂದು ಡಾಕ್ಟರಿಗೂ ಗೊತ್ತಿಲ್ಲ. ಅಷ್ಟು ಹೇಳಿ ಬಿಟ್ಟುಬಿಡಬಹುದಿತ್ತು. ಮರಿಯಣ್ಣನ ಮಣ್ಣು ಇನ್ನೂ ಹಸಿಯಾಗಿತ್ತು. “ನೀವು ಕೈಗೆ ಕೊಟ್ರಿ ಅಂತ” ಎಂದೆ.

ರಾಯಪ್ಪ ಬಗ್ಗಿ ಹಸಿ ಮಣ್ಣಿನ ಒಂದು ಹೆಂಟೆಯನ್ನು ಕೈಯಲ್ಲಿ ಪುಡಿ ಮಾಡಿದ. ಆಮೇಲೆ, “ಶನಿವಾರ ಬಾಗ್ಲು ತಗ್ದಿದ್ದೆ ಮೇಷ್ಟ್ರೇ. ಹಬ್ಬದ ದಿನ ಹೋಗಣ, ಅತ್ತಿಗೆ ರೊಟ್ಟಿನೂ ಕಳಿಸ್ತಾಳೆ ಅಂದ್ಕಂಡು ಮತ್ತೆ ಹಾಕ್ದೆ” ಎಂದ. ತನ್ನ ಹೆಂಡತಿಯನ್ನೇ ಅವನು, ತಮ್ಮ ಕರೆಯುತ್ತಿದ್ದಂತೆ, ‘ಅತ್ತಿಗೆ’ ಎಂದಿದ್ದ. ಅದು ಅವನ ಗಮನಕ್ಕೆ ಬರಲಿಲ್ಲ.

ಅವನು ಬಾಗಿಲು ತೆಗೆದದ್ದನ್ನು ನಾನೂ ನೋಡಿದ್ದೆ. ಶನಿವಾರ ನಾಲ್ಕಕ್ಕೆ ಐದು ನಿಮಿಷ ಇತ್ತು. ಮರಿಯಣ್ಣ ಜಗಲಿಯ ನಟ್ಟನಡುವೆ, ಎದುರು ಮನೆಯ ಕಡೆ ಮುಖ ಮಾಡಿ ಕೂತಿದ್ದ. ನಾನು ಅವನಿಗಿಂತ ಒಂದು ಮೆಟ್ಟಿಲು ಕೆಳಗಿದ್ದೆ. ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು. ಮಾತು ನಿಂತು ಒಂದು ಗಂಟೆಯಾಗಿತ್ತು. ಬೀದಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಎದುರು ಮನೆಯ ಬಾಗಿಲು ತೆರೆಯಿತು. ರಾಯಪ್ಪ ಹೊಸ್ತಿಲಲ್ಲಿ ನಿಂತ. ಹೆಗಲ ಮೇಲೆ ಟವೆಲ್ಲಿತ್ತು, ಕಾಲಲ್ಲಿ ಚಪ್ಪಲಿ ಇತ್ತು.

ಮರಿಯಣ್ಣ ಕೈಯೂರಿ ಗೋಡೆಯ ಕಡೆಗೆ ಒಂದು ಮೊಳ ಸರಿದ. ಒಬ್ಬರು ಕೂರುವಷ್ಟು ಜಾಗವಾಯಿತು. ಆ ಜಾಗದ ಮೇಲಿನ ದೂಳನ್ನು ಅಂಗೈಯಿಂದ ಒರೆಸಿದ.